ಎಲೆ ನೋಡಿ ಗಿಡ ಬೆಳೆಸಿ: ಮನೆಯೊಳಗಿನ ಕೇಪ್ ಪ್ರಿಮ್‌ರೋಸ್

ನನ್ನ ಮೊದಲ ಕೇಪ್ ಪ್ರಿಮ್‌ರೋಸನ್ನು ಕೊಂದವಳು ನಾನೇ, ಅದೂ ನೀರು ಹಾಕಿ ಹಾಕಿ. ಏಪ್ರಿಲ್ ತಿಂಗಳು, ಬೆಂಗಳೂರಿನ ಮಧ್ಯಾಹ್ನ ಮೂರು ಗಂಟೆ. ಎಲೆಗಳೆಲ್ಲ ಬಾಡಿ ಕುಂಡದ ಅಂಚಿನಿಂದ ಕೆಳಗೆ ಜೋತು ಬಿದ್ದಿದ್ದವು. ಅಯ್ಯೋ ಪಾಪ ಅಂತ ಒಂದು ಚೊಂಬು ನೀರು ಸುರಿದೆ. ಸಂಜೆಗೆ ಎದ್ದು ನಿಂತಿತು. ಮರುದಿನ ಮಧ್ಯಾಹ್ನ ಮತ್ತೆ ಬಾಡಿತು, ಮತ್ತೊಂದು ಚೊಂಬು. ನಾಲ್ಕನೇ ದಿನ ಸಂಜೆಯಾದರೂ ಏಳಲಿಲ್ಲ. ಮೆಲ್ಲಗೆ ಎಳೆದರೆ ಇಡೀ ಗಿಡ ಬೇರಿಲ್ಲದೆ ಕೈಗೆ ಬಂತು. ಬುಡವೆಲ್ಲ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ಅದು ಬಾಡಿದ್ದು ಸೆಕೆಗೆ. ನಾನು ಬಾಯಾರಿಕೆ ಅಂದುಕೊಂಡಿದ್ದೆ.

ಎಸೆಯುವ ಮುಂಚೆ ನೋಡಿದರೆ ಒಂದೇ ಒಂದು ಎಲೆ ಇನ್ನೂ ಗಟ್ಟಿಯಾಗಿತ್ತು. ಅದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಒದ್ದೆ ಕೋಕೋಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಊರಿ, ಮೇಲೊಂದು ಪ್ಲಾಸ್ಟಿಕ್ ಡಬ್ಬ ಮುಚ್ಚಿಟ್ಟೆ. ಎರಡು ತಿಂಗಳಿಗೆ ಸೀಳಿದ ಅಂಚಿನುದ್ದಕ್ಕೂ ಸಾಲಾಗಿ ಮರಿಗಳು ಎದ್ದವು. ಈಗ ನನ್ನ ಪೂರ್ವದ ಕಿಟಕಿಯಲ್ಲಿರುವ ಹನ್ನೊಂದು ಕುಂಡಗಳೂ ಆ ಒಂದು ಎಲೆಯ ಮಕ್ಕಳು, ಮೊಮ್ಮಕ್ಕಳು.

ಈ ಗಿಡದಲ್ಲಿ ಎಲೆಯೇ ಎಲ್ಲ. ಎಲೆಯ ಸ್ವಭಾವ ಗೊತ್ತಾದರೆ ನೀರು ಯಾವಾಗ, ಗೊಬ್ಬರ ಎಷ್ಟು, ಹೂ ಯಾಕೆ ಬರಲಿಲ್ಲ ಅನ್ನುವ ಪ್ರಶ್ನೆಗಳಿಗೆಲ್ಲ ಅಲ್ಲೇ ಉತ್ತರ ಸಿಗುತ್ತದೆ.

ಮೊದಲು ಗಿಡದ ಪರಿಚಯ

ಹೆಸರಿನಲ್ಲಿ ಪ್ರಿಮ್‌ರೋಸ್ ಇದೆ, ಆದರೆ ಪ್ರಿಮ್‌ರೋಸ್ ಜಾತಿಗೂ ಇದಕ್ಕೂ ಸಂಬಂಧ ಇಲ್ಲ. ಗುಲಾಬಿಗಂತೂ ಇಲ್ಲವೇ ಇಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೆಪ್ಟೋಕಾರ್ಪಸ್. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ತಿರುಚಿದ ಕಾಯಿ. ಹೂ ಉದುರಿದ ಮೇಲೆ ಕಡ್ಡಿಯಂಥ ಉದ್ದನೆಯ ಕಾಯಿ ಬರುತ್ತದೆ, ಹತ್ತಿರದಿಂದ ನೋಡಿದರೆ ದೇವರ ದೀಪಕ್ಕೆ ಹೊಸೆದ ಬತ್ತಿಯ ಹಾಗೇ ಇರುತ್ತದೆ. ನಮ್ಮಲ್ಲಿ ಅನೇಕರು ಬೆಳೆಸುವ ಆಫ್ರಿಕನ್ ವಯಲೆಟ್ ಇದರ ಹತ್ತಿರದ ನೆಂಟ. ಎಷ್ಟು ಹತ್ತಿರ ಅಂದರೆ, 2015ರಲ್ಲಿ ಸಸ್ಯ ವಿಜ್ಞಾನಿಗಳು ಆಫ್ರಿಕನ್ ವಯಲೆಟ್ಟನ್ನೂ ಸ್ಟ್ರೆಪ್ಟೋಕಾರ್ಪಸ್ ಅಂತಲೇ ಲೆಕ್ಕಕ್ಕೆ ತೆಗೆದುಕೊಂಡರು.

ಇದರ ತವರು ದಕ್ಷಿಣ ಆಫ್ರಿಕ. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಗಿಡ ಹುಡುಕಿ ಕಳಿಸುತ್ತಿದ್ದ ಜೇಮ್ಸ್ ಬೋವಿಗೆ ಇದು ಸಿಕ್ಕಿದ್ದು ನೈಸ್ನಾ ಎಂಬ ಊರಿನ ಕಾಡಿನಲ್ಲಿ, ಜಾರ್ಜ್ ರೆಕ್ಸ್ ಅನ್ನುವವರ ಜಮೀನಿನಲ್ಲಿ. ಅದಕ್ಕೇ ಆ ಜಾತಿಗೆ ರೆಕ್ಸಿಯೈ ಅಂತ ಹೆಸರು. 1827ರಲ್ಲಿ ಅದನ್ನು ಮೊದಲು ಡಿಡಿಮೋಕಾರ್ಪಸ್ ಕುಲಕ್ಕೆ ಸೇರಿಸಿದ್ದರು. ಮರುವರ್ಷ ಜಾನ್ ಲಿಂಡ್ಲಿ ಎಂಬ ಸಸ್ಯಶಾಸ್ತ್ರಜ್ಞರು ಕಾಯಿಯ ತಿರುಚನ್ನು ನೋಡಿ ಬೇರೆ ಕುಲ ಮಾಡಿದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆಗಾಲದಲ್ಲಿ ಚಾರಣ ಹೋದವರು ಒದ್ದೆ ಬಂಡೆಗೆ ಅಂಟಿಕೊಂಡು ನೇರಳೆ ಹೂ ಬಿಡುವ ಪುಟ್ಟ ಗಿಡಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಕೆಲವು ಇದೇ ಕುಟುಂಬದವು. ಆ ಬಂಡೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮರದ ನೆರಳು, ತಂಪು ಗಾಳಿ, ಬೇರಿಗೆ ತೇವ ಉಂಟು, ಆದರೆ ನೀರು ನಿಲ್ಲುವುದಿಲ್ಲ. ನಿಮ್ಮ ಕಿಟಕಿಯಲ್ಲಿ ಅದನ್ನೇ ಮಾಡಬೇಕು.

ಇನ್ನು ಎಲೆಯ ವಿಷಯ. ಈ ಗಿಡಕ್ಕೆ ಕಾಂಡ ಅಂತ ಇಲ್ಲ. ಬುಡದಿಂದ ನೇರವಾಗಿ ಉದ್ದುದ್ದ, ಸುಕ್ಕು ಸುಕ್ಕಾದ, ಮೇಲೆ ಸಣ್ಣ ರೋಮ ಇರುವ ಎಲೆಗಳು. ನನ್ನ ಅತ್ತೆ ಮೊದಲ ಸಲ ನೋಡಿದಾಗ, “ಏನಮ್ಮಾ ಇದು, ಮೂಲಂಗಿ ಸೊಪ್ಪನ್ನ ತಂದು ಹಾಲ್‌ನಲ್ಲಿ ಇಟ್ಟಿದ್ದೀಯ?” ಅಂದಿದ್ದರು. ತಪ್ಪಿಲ್ಲ, ಹಾಗೇ ಕಾಣುತ್ತದೆ. ಪ್ರತಿ ಎಲೆಗೂ ಅದರದೇ ಬೇರು, ಅದರದೇ ಹೂ. ಎಲೆಯ ನಡುನರ ಬುಡಕ್ಕೆ ಸೇರುವ ಜಾಗದಿಂದಲೇ ಹೂವಿನ ಕಡ್ಡಿ ಹೊರಡುತ್ತದೆ. ಒಂದು ಬಿಟ್ಟು ಮುಗಿಯುವ ಹೊತ್ತಿಗೆ ಅದರ ಹಿಂದೆಯೇ ಇನ್ನೊಂದು. ಒಂದು ಎಲೆ ತನ್ನ ಪಾಲಿನ ಹೂಗಳನ್ನು ಬಿಟ್ಟು ಮುಗಿಸಿದರೆ ಅದರ ಕೆಲಸ ಮುಗಿಯಿತು. ಮುಂದಿನ ಹೂ ಮುಂದಿನ ಎಲೆಯಿಂದ. ಹಾಗಾಗಿ ಹೊಸ ಎಲೆ ಬರುತ್ತಾ ಇದ್ದರೆ ಹೂವೂ ಬರುತ್ತಾ ಇರುತ್ತದೆ.

ಗಿಡ ತರುವಾಗ

ಎಲ್ಲ ನರ್ಸರಿಗಳಲ್ಲೂ ಇದು ಸಿಗುವುದಿಲ್ಲ. ಆಫ್ರಿಕನ್ ವಯಲೆಟ್ ಬೆಳೆಸುವವರ ಬಳಿ ಕೇಳಿದರೆ ಬೇಗ ಸಿಗುತ್ತದೆ, ಎಷ್ಟೋ ಸಲ ಒಂದು ಎಲೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಹೂ ತುಂಬಿದ ದೊಡ್ಡ ಗಿಡಕ್ಕೆ ಮರುಳಾಗಬೇಡಿ. ನಾಲ್ಕೈದು ಎಲೆಯ, ನಡುವಿನಲ್ಲಿ ಪುಟ್ಟ ಹೊಸ ಎಲೆ ಇಣುಕುತ್ತಿರುವ ಗಿಡ ಒಳ್ಳೆಯದು. ಕೊಳ್ಳುವ ಮುಂಚೆ ಎಲೆಯನ್ನು ಎತ್ತಿ ಬುಡ ನೋಡಿ. ಹತ್ತಿಯಂಥ ಬಿಳಿ ಕಂಡರೆ ಅದು ಹಿಟ್ಟು ತಿಗಣೆ, ಬೇಡ. ಬುಡ ಕಪ್ಪಾಗಿದ್ದರೂ ಬೇಡ. ಎಲೆಯ ಅಂಚು ಸ್ವಲ್ಪ ಮುರಿದಿದ್ದರೆ, ತುದಿ ಒಣಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಈ ಎಲೆಗಳು ಸೌತೆಕಾಯಿ ಹೋಳಿನ ಹಾಗೆ ಲಟಕ್ಕನೆ ಮುರಿಯುತ್ತವೆ, ಸಾಗಿಸುವಾಗ ಪೆಟ್ಟಾಗುವುದು ಸಹಜ.

ಬಣ್ಣಗಳು ಬೇಕಾದಷ್ಟಿವೆ. ಬಿಳಿ, ಗುಲಾಬಿ, ನೇರಳೆ, ಕಡುಗೆಂಪು, ಕಪ್ಪಿಗೆ ಹತ್ತಿರದ ನೇರಳೆ. ‘ಕ್ರಿಸ್ಟಲ್ ಐಸ್’ ಅನ್ನುವ ಬಿಳಿ ಹೂವಿನ ಗಂಟಲಲ್ಲಿ ನೀಲಿ ಗೆರೆಗಳಿರುತ್ತವೆ. ಮೊದಲ ಸಲ ಬೆಳೆಸುವವರಿಗೆ ನನ್ನ ಮಟ್ಟಿಗೆ ಅದೇ ವಾಸಿ, ಚಳಿಯಲ್ಲೂ ಹೂ ಬಿಡುತ್ತದೆ. ನೀಲಿ, ಹಳದಿ ಎರಡೂ ಇರುವ ‘ಹಾರ್ಲೆಕ್ವಿನ್ ಬ್ಲೂ’ 2010ರಲ್ಲಿ ಲಂಡನ್ನಿನ ಚೆಲ್ಸಿ ಪುಷ್ಪ ಪ್ರದರ್ಶನದಲ್ಲಿ ವರ್ಷದ ಗಿಡ ಅನ್ನಿಸಿಕೊಂಡಿತ್ತು. ಹಳೆಯದರಲ್ಲಿ ಹೇಳಬೇಕಾದ್ದು ‘ಕಾನ್‌ಸ್ಟಂಟ್ ನಿಂಫ್’. 1940ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಇನ್ನಿಸ್ ಸಂಸ್ಥೆಯಲ್ಲಿ ಹುಟ್ಟಿದ ತಳಿ. ಬೀಜದಿಂದ ಬೆಳೆದರೆ ತಳಿಯ ಗುಣ ಉಳಿಯುವುದಿಲ್ಲ. ಅಂದರೆ ಇವತ್ತು ಯಾರ ಮನೆಯಲ್ಲಾದರೂ ಅದು ಇದ್ದರೆ, ಆ ಮೊದಲ ಗಿಡದ ಎಲೆಯ ಎಲೆಯ ಎಲೆಯೇ ಅದು.

ಎಲ್ಲಿ ಇಡಬೇಕು

ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎಳೆ ಬಿಸಿಲು ಒಂದು ಗಂಟೆ ಬಿದ್ದರೆ ತೊಂದರೆ ಇಲ್ಲ. ಒಂಬತ್ತು ಗಂಟೆಯ ಮೇಲಿನ ಬಿಸಿಲು ಬೇಡ. ಉತ್ತರದ ಕಿಟಕಿಯೂ ಆಗುತ್ತದೆ. ಪಶ್ಚಿಮದ ಕಿಟಕಿಯಾದರೆ ಬೇಸಿಗೆಯಲ್ಲಿ ಗಾಜಿನ ಹತ್ತಿರ ಇಡಲೇಬೇಡಿ, ಎಲೆಯ ಮೇಲೆ ಒಂದೇ ಮಧ್ಯಾಹ್ನದಲ್ಲಿ ಕಂದು ಮಚ್ಚೆ ಬೀಳುತ್ತದೆ.

ಬೆಳಕು ಸಾಕೋ ಬೇಡವೋ ತಿಳಿಯಲು ಹಗಲು ಹೊತ್ತಿನಲ್ಲಿ ಗಿಡದ ಮೇಲೆ ಕೈ ಹಿಡಿಯಿರಿ. ಮಸುಕಾದ ನೆರಳು ಬಿದ್ದರೆ ಸರಿಯಾಗಿದೆ. ನೆರಳೇ ಇಲ್ಲದಿದ್ದರೆ ಕತ್ತಲು ಜಾಸ್ತಿ, ಎಲೆ ಉದ್ದಕ್ಕೆ ಬೆಳೆಯುತ್ತದೆಯೇ ಹೊರತು ಹೂ ಬರುವುದಿಲ್ಲ. ಚಾಕುವಿನ ಅಲಗಿನಂಥ ಕಪ್ಪು ನೆರಳು ಬಿದ್ದರೆ ಬಿಸಿಲು ಜಾಸ್ತಿ. ಅಪಾರ್ಟ್‌ಮೆಂಟಿನಲ್ಲಿ ಸರಿಯಾದ ಕಿಟಕಿ ಇಲ್ಲದವರು ಬಿಳಿ ಬೆಳಕಿನ ಎಲ್‌ಇಡಿ ಟ್ಯೂಬನ್ನು ಗಿಡದಿಂದ ಒಂದಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸಿದರೂ ಸಾಕು. ಹೂ ಚೆನ್ನಾಗಿ ಬರುತ್ತದೆ.

18ರಿಂದ 24 ಡಿಗ್ರಿ ಸೆಲ್ಸಿಯಸ್ ಇದಕ್ಕೆ ಹಿತ. 10 ಡಿಗ್ರಿಗಿಂತ ಕೆಳಗೆ ಹೋಗಬಾರದು, 30 ದಾಟಿದರೆ ಒದ್ದಾಡುತ್ತದೆ. ಹಾಗಾಗಿ ಮಡಿಕೇರಿ, ಸಕಲೇಶಪುರ, ಚಿಕ್ಕಮಗಳೂರಿನ ಕಡೆಯವರು ಪುಣ್ಯವಂತರು. ಬೆಂಗಳೂರು, ಮೈಸೂರಿನಲ್ಲಿ ಮಾರ್ಚ್‌ನಿಂದ ಮೇ ತನಕ ಹುಷಾರಾಗಿದ್ದರೆ ಸಾಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿ ಇಲ್ಲದೆ ಇದನ್ನು ಉಳಿಸುವುದು ಕಷ್ಟ. ಕರಾವಳಿಯವರಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಕುಂಡ ಮತ್ತು ಮಣ್ಣು

ತೋಟದ ಮಣ್ಣು, ಕೆಮ್ಮಣ್ಣು ಎರಡೂ ಬೇಡ. ಇದರ ಬೇರು ತಲೆಕೂದಲಿನಷ್ಟು ಸಣ್ಣ, ಗಟ್ಟಿ ಮಣ್ಣಿನಲ್ಲಿ ಉಸಿರಾಡಲು ಆಗುವುದಿಲ್ಲ. ನಾನು ಹಾಕುವ ಮಿಶ್ರಣ ಇದು: ತೊಳೆದ ಕೋಕೋಪೀಟ್ ಎರಡು ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಅರ್ಧ ಪಾಲು. ಕೋಕೋಪೀಟಿನ ಇಟ್ಟಿಗೆಯನ್ನು ನೆನೆಸಿ, ಹಿಂಡಿ, ಮತ್ತೆ ಎರಡು ಸಲ ಹೊಸ ನೀರಿನಲ್ಲಿ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಇರುತ್ತದೆ, ತೊಳೆಯದಿದ್ದರೆ ಎಲೆಯ ಅಂಚು ಸುಡುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ಕಟ್ಟದೆ ಪುಡಿಪುಡಿಯಾಗಿ ಬೀಳಬೇಕು. ಅವಲಕ್ಕಿ ಒಗ್ಗರಣೆ ಹದ ಅನ್ನಿ.

ಕುಂಡ ಚಿಕ್ಕದಿರಲಿ, ಆಳ ಕಡಿಮೆ ಇರಲಿ. ಬೇರು ಮೇಲೆ ಮೇಲೆಯೇ ಹರಡುತ್ತದೆ. ಆಳವಾದ ಕುಂಡದಲ್ಲಿ ಕೆಳಗಿನ ಮಣ್ಣು ಒಣಗುವುದೇ ಇಲ್ಲ, ಅಲ್ಲಿಂದ ಕೊಳೆ ಶುರು. ಮರಿಗೆ 2 ಇಂಚು, ಬೆಳೆದ ಗಿಡಕ್ಕೆ 4 ಅಥವಾ 5 ಇಂಚಿನ ಪ್ಲಾಸ್ಟಿಕ್ ಕುಂಡ ಸಾಕು. ಕೆಳಗೆ ನಾಲ್ಕು ತೂತು ಇರಲೇಬೇಕು. “ಪಾಪ, ಇಕ್ಕಟ್ಟಾಗಿದೆ” ಅಂತ ದೊಡ್ಡ ಕುಂಡಕ್ಕೆ ಹಾಕುವ ಆಸೆ ಬರುತ್ತದೆ, ಬೇಡ. ಸ್ವಲ್ಪ ಇಕ್ಕಟ್ಟಾಗಿದ್ದರೇನೇ ಹೂ ಚೆನ್ನಾಗಿ ಬರುವುದು.

ವರ್ಷಕ್ಕೊಮ್ಮೆ, ಬಿಸಿಲು ಇಳಿದು ಮಳೆ ಹಿಡಿದ ಮೇಲೆ ಮಣ್ಣು ಬದಲಿಸಿ. ಹಳೆ ಮಿಶ್ರಣ ಉದುರಿಸಿ ಅದೇ ಕುಂಡದಲ್ಲೋ, ಅರ್ಧ ಇಂಚು ದೊಡ್ಡದರಲ್ಲೋ ಇಡಿ. ಎಲೆಗಳು ಸೇರುವ ಬುಡ ಮಣ್ಣಿನ ಮಟ್ಟದಲ್ಲೇ ಇರಲಿ, ಹೂತರೆ ಕೊಳೆಯುತ್ತದೆ. ಗಿಡ ತುಂಬ ದಟ್ಟವಾಗಿದ್ದರೆ ಕೈಯಿಂದ ಎರಡು ಮೂರು ಗುಂಪಾಗಿ ಬಿಡಿಸಬಹುದು. ಪ್ರತಿ ಗುಂಪಿಗೂ ಬೇರಿರಲಿ.

ನೀರು: ಇಲ್ಲೇ ಎಲ್ಲರೂ ಎಡವುವುದು

ವಾರಕ್ಕೆ ಎರಡು ಸಲ, ಮೂರು ಸಲ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಕುಂಡ ಎತ್ತಿ ನೋಡಿ. ನೀರು ಹಾಕಿದ ತಕ್ಷಣ ಒಂದು ಸಲ ಎತ್ತಿ ತೂಕ ನೋಡಿಕೊಳ್ಳಿ, ಎರಡು ದಿನ ಬಿಟ್ಟು ಮತ್ತೆ ಎತ್ತಿ. ಒಂದು ವಾರದಲ್ಲಿ ಕೈಗೆ ಅಂದಾಜು ಸಿಗುತ್ತದೆ. ಕುಂಡ ಹಗುರಾಗಿ, ಮೇಲಿನ ಮಿಶ್ರಣದ ಬಣ್ಣ ಕಡು ಕಂದಿನಿಂದ ತಿಳಿ ಕಂದಿಗೆ ತಿರುಗಿ, ಬೆರಳಿಗೆ ಒಣಗಿದಂತೆ ಅನ್ನಿಸಿದಾಗ ನೀರು ಕೊಡಿ. ಕೊಡುವಾಗ ಧಾರಾಳವಾಗಿ ಕೊಡಿ, ಕೆಳಗಿನ ತೂತಿನಿಂದ ಹರಿಯುವಷ್ಟು. ಹತ್ತು ನಿಮಿಷ ಬಿಟ್ಟು ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ದಿನಾ ಎರಡು ಚಮಚ ಹಾಕುವ ಅಭ್ಯಾಸ ಬಿಡಿ. ಮೇಲೆ ಒದ್ದೆ, ಕೆಳಗೆ ಒಣಗು, ಇಲ್ಲವೇ ಅದರ ಉಲ್ಟಾ ಆಗುತ್ತದೆ.

ನೀರು ಎಲೆಯ ಅಡಿಯಿಂದ ಮಣ್ಣಿಗೆ ಬೀಳಲಿ. ಬುಡದ ನಡುವಿನಲ್ಲಿ, ಎಲೆಗಳು ಒಟ್ಟುಗೂಡುವ ಕಡೆ ನಿಲ್ಲಬಾರದು. ಫ್ರಿಜ್‌ನ ನೀರು ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಹಾಗಿದ್ದವರು ಮಳೆ ನೀರು ಹಿಡಿದಿಟ್ಟುಕೊಳ್ಳಿ, ಆಗದಿದ್ದರೆ ಫಿಲ್ಟರ್ ನೀರು ಹಾಕಿ.

ಇನ್ನು ಬಾಡುವ ವಿಷಯ, ನನ್ನ ಮೊದಲ ಗಿಡವನ್ನು ಬಲಿ ತೆಗೆದುಕೊಂಡದ್ದು. ಈ ಗಿಡ ನೀರು ಕಮ್ಮಿಯಾದರೂ ಬಾಡುತ್ತದೆ, ಸೆಕೆಯಾದರೂ ಬಾಡುತ್ತದೆ, ಬೇರು ಕೊಳೆತರೂ ಬಾಡುತ್ತದೆ. ಮೂರೂ ನೋಡಲು ಒಂದೇ ಥರ. ಆದ್ದರಿಂದ ಚೊಂಬಿಗೆ ಕೈ ಹಾಕುವ ಮೊದಲು ಕುಂಡಕ್ಕೆ ಕೈ ಹಾಕಿ.

ಕುಂಡ ಹಗುರಾಗಿದ್ದರೆ ಬಾಯಾರಿಕೆ. ಒಂದು ಬೋಗುಣಿಯಲ್ಲಿ ನೀರು ಹಾಕಿ, ಕುಂಡವನ್ನು ಅದರಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಸಂಜೆಗೆ ಎದ್ದು ಕೂರುತ್ತದೆ. ನಿಜ ಹೇಳಬೇಕೆಂದರೆ ಒಂದೆರಡು ಸಲ ಹೀಗೆ ಬಾಡಿದರೂ ಈ ಗಿಡಕ್ಕೆ ಏನೂ ಆಗುವುದಿಲ್ಲ.

ಕುಂಡ ಭಾರವಾಗಿದ್ದು, ಹೊತ್ತು ಮಧ್ಯಾಹ್ನವಾಗಿದ್ದರೆ ಸೆಕೆ. ನೀರು ಹಾಕಬೇಡಿ. ತಂಪಾದ ಕೋಣೆಗೆ ಒಯ್ದು ನೆಲದ ಮೇಲೆ ಇಡಿ. ರಾತ್ರಿಯೊಳಗೆ ಸರಿಹೋಗುತ್ತದೆ.

ಕುಂಡ ಭಾರ, ಬೆಳಗಿನ ಆರು ಗಂಟೆಗೂ ಗಿಡ ಬಾಡಿಯೇ ಇದೆ ಅಂದರೆ ಬೇರು ಹೋಗಿದೆ. ಕುಂಡದಿಂದ ಹೊರಗೆ ತೆಗೆದು ಕಂದು ಬೇರನ್ನೆಲ್ಲ ಕತ್ತರಿಸಿ, ಬುಡದಲ್ಲಿ ಗಟ್ಟಿ ಭಾಗ ಉಳಿದಿದ್ದರೆ ಹೊಸ ಮಿಶ್ರಣದಲ್ಲಿ ಚಿಕ್ಕ ಕುಂಡಕ್ಕೆ ಹಾಕಿ. ಉಳಿದಿಲ್ಲವಾದರೆ ಅಳುತ್ತಾ ಕೂರಬೇಡಿ, ಒಳ್ಳೆಯ ಎಲೆಯನ್ನು ಕತ್ತರಿಸಿಕೊಳ್ಳಿ.

ಗೊಬ್ಬರ

ಕಮ್ಮಿ ಹಾಕಿದರೆ ಹೂ ಕಮ್ಮಿ. ಜಾಸ್ತಿ ಹಾಕಿದರೆ ಗಿಡವೇ ಇಲ್ಲ. ಮರಿ ಬೆಳೆಯುವಾಗ ನೀರಲ್ಲಿ ಕರಗುವ 19:19:19 ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ) ಗೊಬ್ಬರ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಮೊಗ್ಗು ಕಂಡ ಮೇಲೆ ಟೊಮೇಟೊಗೆ ಕೊಡುವಂಥ, ಪೊಟ್ಯಾಷ್ ಜಾಸ್ತಿ ಇರುವ ಗೊಬ್ಬರ, ಪೊಟ್ಟಣದ ಮೇಲೆ ಬರೆದ ಅಳತೆಯ ಕಾಲು ಭಾಗ ಮಾತ್ರ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಮೊದಲು ಬರೀ ನೀರು ಹಾಕಿ. ಬೇಸಿಗೆಯ ಸೆಕೆಯಲ್ಲಿ ಗೊಬ್ಬರ ಪೂರ್ತಿ ನಿಲ್ಲಿಸಿ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮಜ್ಜಿಗೆ ನೀರು ಇವೆಲ್ಲ ಮನೆಯೊಳಗಿನ ಚಿಕ್ಕ ಕುಂಡಕ್ಕೆ ಬೇಡ. ನೊಣ, ವಾಸನೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ.

ಹೂ ಮತ್ತು ಕತ್ತರಿ

ಎಳೆ ಗಿಡದ ಮೊದಲ ಹೂಕಡ್ಡಿಯನ್ನು ಚಿವುಟಿ ಹಾಕಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಆ ಶಕ್ತಿ ಎಲೆಗೆ ಹೋಗಿ, ಮುಂದೆ ಒಂದರ ಬದಲು ಐದು ಕಡ್ಡಿ ಬರುತ್ತದೆ.

ಹೂ ಬಾಡಿದಾಗ ಅದಷ್ಟನ್ನೇ ಮೊದಲು ತೆಗೆಯಿರಿ, ಅದೇ ಕಡ್ಡಿಯಲ್ಲಿ ಇನ್ನೂ ಮೊಗ್ಗು ಇರಬಹುದು. ಎಲ್ಲ ಮುಗಿದ ಮೇಲೆ ಕಡ್ಡಿಯನ್ನು ಬುಡದ ಹತ್ತಿರ ಕತ್ತರಿಸಿ. ಬತ್ತಿಯಂಥ ಕಾಯಿ ಕಟ್ಟಲು ಬಿಟ್ಟರೆ ಗಿಡ ಬೀಜದ ಕಡೆ ಗಮನ ಕೊಡುತ್ತದೆ, ಹೂ ನಿಧಾನವಾಗುತ್ತದೆ. ಒಂದು ಕಾಯಿ ಮಾತ್ರ ನೋಡಲಿಕ್ಕೆ ಅಂತ ಬಿಡಿ, ಮಕ್ಕಳಿಗೆ ತೋರಿಸಬಹುದು.

ಈಗ ಎಲೆಯ ತುದಿ. ಚಳಿಗಾಲದಲ್ಲಿ ಹಳೆಯ ಎಲೆಗಳ ತುದಿ ಹಳದಿಯಾಗಿ, ಆಮೇಲೆ ಕಂದಾಗಿ ಒಣಗುತ್ತಾ ಕೆಳಗೆ ಇಳಿಯುತ್ತದೆ. ನಾನು ಮೊದಲ ವರ್ಷ ಇದನ್ನು ರೋಗ ಅಂದುಕೊಂಡು ಒಂದು ತಿಂಗಳು ಔಷಧಿ ಹೊಡೆದೆ. ಆಮೇಲೆ ಒಂದು ದಿನ ಬೆಳಕಿಗೆ ಹಿಡಿದು ನೋಡಿದೆ. ಕಂದು ಭಾಗಕ್ಕೂ ಹಸಿರು ಭಾಗಕ್ಕೂ ನಡುವೆ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದು ಗೆರೆ. ಗೆರೆಯ ಆಚೆ ಹಪ್ಪಳದಂತೆ ಒಣಗಿದೆ, ಈಚೆ ಏನೂ ಆಗದ ಹಸಿರು. ಗಿಡ ತಾನೇ ಗೆರೆ ಎಳೆದು, ಇಷ್ಟು ಸಾಕು, ಉಳಿದದ್ದು ಬೇಡ ಅಂತ ಬಿಟ್ಟುಕೊಟ್ಟಿರುತ್ತದೆ. ಬಹಳ ಕಡಿಮೆ ಗಿಡಗಳಿಗೆ ಬರುವ ವಿದ್ಯೆ ಇದು. ಕತ್ತರಿ ತೆಗೆದುಕೊಂಡು ಆ ಗೆರೆಯ ಮೇಲೆಯೇ ಕತ್ತರಿಸಿ. ಉಳಿದ ಅರ್ಧ ಎಲೆ ಬದುಕಿಯೇ ಇರುತ್ತದೆ, ಅದರ ಬುಡದಿಂದ ಹೂವೂ ಬರಬಹುದು.

ಹೂ ಬಿಟ್ಟು ಮುಗಿಸಿದ ಮುದಿ ಎಲೆಗಳನ್ನು ಮಾತ್ರ ಬುಡಕ್ಕೇ ತೆಗೆದುಬಿಡಿ. ಅವು ಹೊಸ ಎಲೆಯ ಮೇಲೆ ಛತ್ರಿಯಂತೆ ಕೂತಿರುತ್ತವೆ. ತೆಗೆದ ಎರಡೇ ವಾರಕ್ಕೆ ಒಳಗಿನ ಎಳೆ ಎಲೆಗಳು ಬೆಳಕು ಕಂಡು ಸರಸರ ಬೆಳೆಯುವುದನ್ನು ನೋಡಬಹುದು.

ಬೇಸಿಗೆ, ಮಳೆಗಾಲ

ಮಾರ್ಚ್ ಬಂದ ಕೂಡಲೇ ಗಿಡವನ್ನು ಕಿಟಕಿಯಿಂದ ಎರಡು ಮೂರು ಅಡಿ ಒಳಗೆ ತನ್ನಿ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗ ಯಾವುದು ಅಂತ ಬರಿಗಾಲಲ್ಲಿ ನಡೆದು ನೋಡಿ, ಅಲ್ಲಿ ನೆಲದ ಮೇಲೆ ಇಡಿ. ತಾರಸಿ ಮನೆಯ ಕೊನೆಯ ಮಹಡಿಯಾದರೆ ಕೆಳಗಿನ ಮನೆಯವರ ಸ್ನೇಹ ಮಾಡಿಕೊಳ್ಳುವುದು ಒಳ್ಳೆಯದು! ಹೂಕಡ್ಡಿಗಳನ್ನು ಕತ್ತರಿಸಿ ಭಾರ ಇಳಿಸಿ. ದೊಡ್ಡ ಎಲೆಗಳನ್ನು ಒಂದೆರಡು ತೆಗೆದರೂ ಆದೀತು, ಆವಿಯಾಗುವ ನೀರು ಕಡಿಮೆಯಾಗುತ್ತದೆ. ಎಸಿಯ ಗಾಳಿ ನೇರವಾಗಿ ಬಡಿಯಬಾರದು.

ಮಳೆಗಾಲದ ಕಾಟ ಬೂಷ್ಟು. ಉದುರಿದ ಹೂ ಎಲೆಯ ಮೇಲೆ ಅಂಟಿಕೊಂಡು ಕೂತರೆ ಅಲ್ಲಿಂದಲೇ ಬೂದು ಬಣ್ಣದ ಬೂಷ್ಟು ಶುರುವಾಗುತ್ತದೆ. ದಿನಾ ಕಾಫಿ ಕುಡಿಯುತ್ತಾ ಉದುರಿದ ಹೂ ಹೆಕ್ಕಿಬಿಡಿ. ಕುಂಡಗಳ ನಡುವೆ ನಾಲ್ಕು ಬೆರಳು ಜಾಗ ಇರಲಿ.

ಕೀಟಗಳಲ್ಲಿ ಹಿಟ್ಟು ತಿಗಣೆಗೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಮುಟ್ಟಿಸಿ. ಹೂವಿನ ಒಳಗಿನ ಪರಾಗ ದಳದ ಮೇಲೆ ಚೆಲ್ಲಿದಂತೆ ಕಂಡರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟದ ಕೆಲಸ, ಹೂಗಳನ್ನೆಲ್ಲ ಕತ್ತರಿಸಿ ಮನೆಯಿಂದ ಹೊರಗೆ ಹಾಕಿ. ಬೇವಿನ ಎಣ್ಣೆ ಹೊಡೆಯುವುದಾದರೆ ಮೊದಲು ಒಂದೇ ಎಲೆಯ ಮೇಲೆ ಹೊಡೆದು ಎರಡು ದಿನ ನೋಡಿ, ರೋಮ ಇರುವ ಎಲೆ ಬೇಗ ಸುಡುತ್ತದೆ. ನಡುವಿನ ಎಳೆ ಎಲೆಗಳು ಗಂಟುಗಂಟಾಗಿ ಮುರುಟಿದರೆ ಅದು ಕಣ್ಣಿಗೆ ಕಾಣದ ನುಸಿ. ಆ ಗಿಡವನ್ನು ಬೇರೆಯವುಗಳಿಂದ ದೂರ ಇಡಿ. ನಾನಾದರೆ ಎಸೆದುಬಿಡುತ್ತೇನೆ.

ಒಂದು ಎಲೆಯಿಂದ ಹದಿನಾಲ್ಕು ಗಿಡ

ಇದಕ್ಕೋಸ್ಕರವೇ ಈ ಗಿಡ ಬೆಳೆಸಬೇಕು ಅನ್ನುತ್ತೇನೆ ನಾನು. ಜೂನ್‌ನಿಂದ ಫೆಬ್ರುವರಿ ತನಕ ಯಾವಾಗ ಬೇಕಾದರೂ ಮಾಡಬಹುದು, ಬೇಸಿಗೆ ಮಾತ್ರ ಬೇಡ.

ಪೂರ್ತಿ ಬೆಳೆದ, ಆದರೆ ಮುದಿಯಾಗದ ಎಲೆ ಆರಿಸಿಕೊಳ್ಳಿ. ಬುಡದಿಂದ ಕತ್ತರಿಸಿ, ಕವುಚಿ ಹಲಗೆಯ ಮೇಲೆ ಇಡಿ. ಹಿಂಭಾಗದಲ್ಲಿ ನಡುನರ ಪೆನ್ಸಿಲಿನಂತೆ ಉಬ್ಬಿಕೊಂಡಿರುತ್ತದೆ, ಅದರ ಎರಡೂ ಕಡೆಗೆ ಮೀನಿನ ಮುಳ್ಳಿನ ಹಾಗೆ ಅಡ್ಡನರಗಳು. ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ನಡುನರಕ್ಕೆ ತಾಗಿಕೊಂಡು ಈ ಕಡೆ ಒಂದು ಗೀರು, ಆ ಕಡೆ ಒಂದು ಗೀರು. ನಡುನರವನ್ನು ಎಸೆಯಿರಿ. ಎರಡು ಉದ್ದನೆಯ ಪಟ್ಟಿಗಳು ಉಳಿದವು. ಪಟ್ಟಿಯ ಕತ್ತರಿಸಿದ ಅಂಚನ್ನು ಗಮನಿಸಿ: ಅಡ್ಡನರಗಳು ತುಂಡಾದ ತುದಿಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಮರಿಗಳು ಏಳುವುದು ಆ ತುದಿಗಳಿಂದಲೇ.

ಕೇಕ್ ತಂದ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಇದಕ್ಕೆ ಹೇಳಿ ಮಾಡಿಸಿದ್ದು. ಅದರಲ್ಲಿ ಎರಡು ಇಂಚು ಕೋಕೋಪೀಟ್, ಪರ್ಲೈಟ್ ಸಮಸಮ ತುಂಬಿ. ಗೊಬ್ಬರ ಬೇಡ. ಹಿಂಡಿದರೆ ಒಂದು ಹನಿ ಮಾತ್ರ ಬರುವಷ್ಟು ತೇವ ಇರಲಿ. ಐಸ್‌ಕ್ರೀಮ್ ಕಡ್ಡಿಯಿಂದ ಅರ್ಧ ಇಂಚಿಗಿಂತ ಕಮ್ಮಿ ಆಳದ ಗೆರೆ ಎಳೆದು, ಕತ್ತರಿಸಿದ ಅಂಚು ಕೆಳಗೆ ಬರುವಂತೆ ಪಟ್ಟಿಯನ್ನು ನಿಲ್ಲಿಸಿ, ಎರಡೂ ಕಡೆಯಿಂದ ಮಿಶ್ರಣ ಒತ್ತಿ. ಎಲೆ ಕೋಟೆ ಗೋಡೆಯಂತೆ ನಿಂತಿರಬೇಕು. ಉದ್ದ ಜಾಸ್ತಿಯಾದರೆ ತುಂಡು ಮಾಡಿ. ನಡುನರ ತೆಗೆಯುವುದು ಕಷ್ಟ ಅನ್ನಿಸಿದರೆ ಎಲೆಯನ್ನು ಅಡ್ಡಕ್ಕೆ ಎರಡೆರಡು ಇಂಚಿನ ತುಂಡುಗಳಾಗಿ ಕತ್ತರಿಸಿಯೂ ನೆಡಬಹುದು. ಬುಡದ ಕಡೆಯ ಅಂಚೇ ಮಣ್ಣಿಗೆ ಹೋಗಬೇಕು, ಉಲ್ಟಾ ಆಗಬಾರದು. ಆದರೆ ಇದರಲ್ಲಿ ಮರಿಗಳು ಕಡಿಮೆ.

ಡಬ್ಬ ಮುಚ್ಚಿ, ತಳಿಯ ಹೆಸರು, ತಾರೀಕು ಬರೆದು, ಬೆಳಕಿರುವ ಆದರೆ ಬಿಸಿಲು ಬೀಳದ ಕಡೆ ಇಡಿ. ಎರಡು ದಿನಕ್ಕೊಮ್ಮೆ ಒಂದು ನಿಮಿಷ ಮುಚ್ಚಳ ತೆರೆಯಿರಿ. ಆಮೇಲೆ ಸುಮ್ಮನಿರಿ. ಕಿತ್ತು ಬೇರು ಬಂತಾ ಅಂತ ನೋಡುವ ಚಪಲ ಎಲ್ಲರಿಗೂ ಬರುತ್ತದೆ, ತಡೆದುಕೊಳ್ಳಿ. ಆರರಿಂದ ಎಂಟು ವಾರಕ್ಕೆ ಅಂಚಿನುದ್ದಕ್ಕೂ ಸಾಸಿವೆ ಗಾತ್ರದ ಹಸಿರು ಕಿವಿಗಳು ಕಾಣುತ್ತವೆ. ಮರಿಗಳು ಒಂದೂವರೆ ಇಂಚಿನಷ್ಟಾದಾಗ ಮೆಲ್ಲಗೆ ಬಿಡಿಸಿ 2 ಇಂಚಿನ ಕುಂಡಕ್ಕೆ ಹಾಕಿ. ನನಗೆ ಒಂದೇ ಪಟ್ಟಿಯಿಂದ 14 ಸಿಕ್ಕಿದ್ದಿದೆ. ಅಲ್ಲಿಂದ ಹೂ ಕಾಣಲು ಸುಮಾರು ಆರು ತಿಂಗಳು.

ಬೀಜದಿಂದಲೂ ಬೆಳೆಸಬಹುದು, ತಾಳ್ಮೆ ಬೇಕು. ಬೀಜ ಧೂಳಿನಷ್ಟು ಸಣ್ಣ, ಮೊಳೆಯಲು ಬೆಳಕು ಬೇಕು, ಹಾಗಾಗಿ ಮೇಲೆ ಮಣ್ಣು ಮುಚ್ಚಬಾರದು. ಒಂದು ಮಜಾ ಮಾತ್ರ ಇದರಲ್ಲೇ ಸಿಗುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಮೊಳಕೆಯ ಎರಡು ಎಲೆಗಳು ಮೊದಲು ಒಂದೇ ಅಳತೆ. ಕೆಲವು ದಿನಕ್ಕೆ ಒಂದು ಅಲ್ಲಿಗೇ ನಿಂತುಬಿಡುತ್ತದೆ, ಇನ್ನೊಂದು ಬೆಳೆಯುತ್ತಲೇ ಹೋಗುತ್ತದೆ. ವೆಂಡ್‌ಲ್ಯಾಂಡಿಯಂಥ ಕಾಡು ಜಾತಿಗಳಲ್ಲಿ ಆ ಒಂದೇ ಎಲೆ ಎರಡಡಿ ಉದ್ದ ಬೆಳೆದು, ಜೀವನಪೂರ್ತಿ ಅದೊಂದೇ ಎಲೆಯಲ್ಲಿದ್ದು, ಹೂ ಬಿಟ್ಟು ಬೀಜ ಕಟ್ಟಿ ಸಾಯುತ್ತದೆ.

ಕರಾವಳಿಯವರಿಗೆ

ಮಂಗಳೂರು, ಉಡುಪಿ, ಕಾರವಾರದವರು ಇದರ ಇನ್ನೊಂದು ಬಗೆಯನ್ನು ನೋಡಬಹುದು. ಸ್ಟ್ರೆಪ್ಟೋಕಾರ್ಪೆಲ್ಲಾ ಅಂತ ಕರೆಯುತ್ತಾರೆ. ಸ್ಯಾಕ್ಸೋರಮ್ ಜಾತಿ ಅದರಲ್ಲಿ ಹೆಸರುವಾಸಿ, ಪೂರ್ವ ಆಫ್ರಿಕದ್ದು. ಇದಕ್ಕೆ ಕಾಂಡ ಇದೆ, ಎಲೆ ಚಿಕ್ಕದು, ದಪ್ಪ. ತೂಗು ಕುಂಡದಲ್ಲಿ ಹಾಕಿದರೆ ತಿಳಿ ನೀಲಿ ಹೂಗಳು ತೆಳ್ಳನೆಯ ದಂಟಿನ ತುದಿಯಲ್ಲಿ ತಲೆದೂಗುತ್ತಿರುತ್ತವೆ. ಸೆಕೆಯನ್ನು ಜಾಸ್ತಿ ತಡೆದುಕೊಳ್ಳುತ್ತದೆ. ತುದಿ ಮುರಿದು ಊರಿದರೂ ಬೇರು ಬಿಡುತ್ತದೆ. ನೀರು, ಬೆಳಕಿನ ಲೆಕ್ಕ ಹೆಚ್ಚುಕಡಿಮೆ ಇದೇ.

ಯಾರಿಗಾದರೂ ಎಲೆ ಕಳಿಸುವುದಿದ್ದರೆ, ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರು ಹಾಕಿ. ಬೆಳಿಗ್ಗೆ ಎಲೆ ಕತ್ತರಿಸಿ, ಬುಡಕ್ಕೆ ಒದ್ದೆ ಟಿಶ್ಯೂ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಸ್ವಲ್ಪ ಗಾಳಿ ಉಳಿಸಿ ಕಟ್ಟಿ, ಗಟ್ಟಿ ರಟ್ಟಿನ ಡಬ್ಬದಲ್ಲಿ ಇಡಿ. ಮೂರು ದಿನ ಏನೂ ಆಗುವುದಿಲ್ಲ. ತಲುಪಿದಾಗ ಸ್ವಲ್ಪ ಬಾಡಿದ್ದರೆ, ನೆಡುವ ಮೊದಲು ಅರ್ಧ ಗಂಟೆ ನೀರಿನಲ್ಲಿ ತೇಲಿಬಿಡಲು ಹೇಳಿ.